ಕೊರಿಯಾದ ಸಮರಕಲೆಗಳಲ್ಲಿ ಕೈ ಹುರಿಗೊಳಿಸುವಿಕೆ ಮತ್ತು ಹೊಡೆತದ ವಿಧಾನಗಳು

ಕೊರಿಯಾದ ಸಮರಕಲೆಗಳಲ್ಲಿ ಕೈ ಹುರಿಗೊಳಿಸುವಿಕೆ ಎಂದರೆ ಮುಷ್ಟಿ, ಅಂಗೈ, ಕೈಯಂಚು ಮತ್ತು ಬೆರಳ ತುದಿಗಳನ್ನು ಗಟ್ಟಿ ವಸ್ತುಗಳ ಮೇಲೆ ಕ್ರಮವಾಗಿ ಬಡಿದು, ಬರಿಗೈ ಹೊಡೆತದ ಆಘಾತವನ್ನು ತಾಳಿಕೊಳ್ಳುವಂತೆ ಅವನ್ನು ಸಿದ್ಧಗೊಳಿಸುವ ಅಭ್ಯಾಸ. ಟೇಕ್ವಾಂಡೋ, ತಾಂಗ್ ಸೂ ಡೋ, ಹಾಪ್ಕಿಡೋ ಮೊದಲಾದ ಕಲೆಗಳಲ್ಲಿ ಇದು ಹೊಡೆತದ ಶಿಕ್ಷಣದೊಂದಿಗೆ ಹೆಣೆದುಕೊಂಡು ಬಂದಿದೆ. ಹುಲ್ಲುಹಗ್ಗ ಸುತ್ತಿದ ಕಂಬಕ್ಕೆ ಗುದ್ದುವುದು, ಮರಳು ಅಥವಾ ಕಾಳು ತುಂಬಿದ ಪಾತ್ರೆಯೊಳಗೆ ಬೆರಳು ಚುಚ್ಚುವುದು, ಬೆರಳ ಗೆಣ್ಣುಗಳ ಮೇಲೆ ದಂಡ ಹೊಡೆಯುವುದು ಇದರ ಪ್ರಸಿದ್ಧ ರೂಪಗಳು. ಹಲಗೆ, ಹೆಂಚು, ಇಟ್ಟಿಗೆಗಳನ್ನು ಬರಿಗೈಯಿಂದ ಮುರಿದು ತೋರಿಸುವ ‘ಗ್ಯೊಕ್ಪಾ’ ಪ್ರದರ್ಶನವು ಈ ಅಭ್ಯಾಸದ ಪರೀಕ್ಷೆ ಎಂದು ಪರಿಗಣಿತವಾಗಿದೆ.

ಜನಪ್ರಿಯ ಬರಹಗಳು ಇದನ್ನು ಎರಡು ಸಾವಿರ ವರ್ಷಗಳ ಅಖಂಡ ಪರಂಪರೆಯೆಂದು ಬಣ್ಣಿಸುವುದುಂಟು. ದಾಖಲೆಗಳು ಹೇಳುವ ಕಥೆ ಬೇರೆ. ಕೊರಿಯಾದಲ್ಲಿ ಬರಿಗೈ ಕಾಳಗದ ಉಲ್ಲೇಖಗಳು ಹಳೆಯವು ನಿಜ. ಆದರೆ ಇಂದು ‘ಸಾಂಪ್ರದಾಯಿಕ’ ಎನಿಸಿಕೊಂಡಿರುವ ಕಂಬ, ಗೆಣ್ಣುಗಳ ದಡ್ಡು ಮತ್ತು ಗುದ್ದಿನ ಶೈಲಿ ಬಹುಮಟ್ಟಿಗೆ 20ನೆಯ ಶತಮಾನದ ನಡುಭಾಗದಲ್ಲಿ ರೂಪುಗೊಂಡವು. ಈ ವ್ಯತ್ಯಾಸ ಕೇವಲ ಇತಿಹಾಸಕಾರರಿಗೆ ಸಂಬಂಧಿಸಿದ್ದಲ್ಲ. ಹಳೆಯದೆಂಬ ಒಂದೇ ಕಾರಣಕ್ಕೆ ಸುರಕ್ಷಿತವೆಂದು ನಂಬಿ ಅಭ್ಯಾಸಕ್ಕೆ ಇಳಿಯುವ ವಿದ್ಯಾರ್ಥಿಯ ಕೈಗೂ ಅದು ಸಂಬಂಧಿಸಿದೆ.

ಹೆಸರು

ಹುರಿಗೊಳಿಸುವಿಕೆಗೆ ಕೊರಿಯನ್ ಭಾಷೆಯಲ್ಲಿ ‘ದಲ್ಯೊನ್’ ಎನ್ನುತ್ತಾರೆ. ಚೀನೀ ಮೂಲದ ಈ ಪದವನ್ನು ಬರೆಯುವ ಎರಡು ಅಕ್ಷರಗಳೂ ಲೋಹವನ್ನು ಕಾಯಿಸಿ ಬಡಿದು ಹದಗೊಳಿಸುವುದನ್ನು ಸೂಚಿಸುತ್ತವೆ. ಕುಲುಮೆಯ ಈ ರೂಪಕ ಕೇಳಲು ಚೆನ್ನಾಗಿದೆ, ಆದರೆ ಮೂಳೆ ಕಬ್ಬಿಣದಂತೆ ವರ್ತಿಸುವುದಿಲ್ಲ. ಬಡಿದಾಗ ಅದು ಗಟ್ಟಿಯಾಗುವುದಿಲ್ಲ. ಬಡಿದ ನಂತರ ಬಿಡುವು ಸಿಕ್ಕಾಗ ಮಾತ್ರ ತನ್ನನ್ನು ತಾನು ಮರುಕಟ್ಟಿಕೊಳ್ಳುತ್ತದೆ. ಗುದ್ದುವ ಕಂಬಕ್ಕೆ ಇದೇ ಪದದಿಂದ ‘ದಲ್ಯೊನ್-ಜು’ ಎಂಬ ಹೆಸರು ಬಂದಿದೆ. ಮುಷ್ಟಿಗೆ ‘ಜುಮೊಕ್’ ಎಂದೂ ಕೈಗೆ ‘ಸೊನ್’ ಎಂದೂ ಕರೆಯುತ್ತಾರೆ. ಮುಂದೆ ಬರುವ ಹಲವು ಹೆಸರುಗಳು ಈ ಎರಡು ಪದಗಳ ಮೇಲೆ ನಿಂತಿವೆ.

ಇತಿಹಾಸ

ಗೋರ್ಯೊ ಕಾಲ

ಕೊರಿಯಾದ ಹಳೆಯ ಬರಿಗೈ ಕಾಳಗವನ್ನು ‘ಸುಬಾಕ್’ ಎಂದು ಕರೆಯಲಾಗುತ್ತಿತ್ತು. ಗೋರ್ಯೊ ರಾಜವಂಶದ (918–1392) ಅಧಿಕೃತ ಚರಿತ್ರೆಯಾದ, 1451ರಲ್ಲಿ ಪೂರ್ಣಗೊಂಡ ‘ಗೋರ್ಯೊಸಾ’ದಲ್ಲಿ ಇದರ ಉಲ್ಲೇಖಗಳಿವೆ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು 1170ರ ಘಟನೆ. ದೊರೆ ಉಯ್ಜೊಂಗ್ ಬೊಹ್ಯೊನ್‌ವೊನ್‌ಗೆ ಹೋಗುವ ದಾರಿಯಲ್ಲಿ ಸೈನಿಕರ ನಡುವೆ ಸುಬಾಕ್ ಪಂದ್ಯ ಏರ್ಪಡಿಸಿದ. ಈ ಸೊ-ಉಂಗ್ ಎಂಬ ವಯಸ್ಸಾದ ಸೇನಾಧಿಕಾರಿ ಎದುರಾಳಿಯನ್ನು ತಡೆಯಲಾರದೆ ಹಿಮ್ಮೆಟ್ಟಿದಾಗ, ಹಾನ್ ರ್ವೆ ಎಂಬ ಆಸ್ಥಾನದ ಅಧಿಕಾರಿ ಎದ್ದುಬಂದು ಎಲ್ಲರೆದುರು ಅವನ ಕೆನ್ನೆಗೆ ಹೊಡೆದ. ಮುದುಕ ಮೆಟ್ಟಿಲ ಕೆಳಗೆ ಬಿದ್ದ. ಬಹುಕಾಲದಿಂದ ಅವಮಾನ ನುಂಗುತ್ತಿದ್ದ ಸೇನಾನಿಗಳು ಅದೇ ದಿನ ದಂಗೆ ಎದ್ದರು. ಅಲ್ಲಿಂದ ಮುಂದೆ ಸುಮಾರು ಒಂದು ಶತಮಾನ ಗೋರ್ಯೊದ ಆಡಳಿತ ಸೇನಾನಿಗಳ ಕೈಯಲ್ಲಿತ್ತು.

ಆ ಸೇನಾನಿಗಳಲ್ಲಿ ಒಬ್ಬನಾದ ಈ ಉಯ್-ಮಿನ್ ಸುಬಾಕ್‌ನಲ್ಲಿ ನಿಪುಣನಾಗಿದ್ದು, ಆ ಕಾರಣಕ್ಕೇ ದೊರೆಯ ಮೆಚ್ಚುಗೆ ಗಳಿಸಿ ಮೇಲೇರಿದ್ದ. ಅದೇ ದೊರೆಯನ್ನು 1173ರಲ್ಲಿ ಕೊಂದವನೂ ಅವನೇ. ಅವನು ಮತ್ತು ದು ಗ್ಯೊಂಗ್-ಸುಂಗ್ ಎಂಬ ಇನ್ನೊಬ್ಬ ಸೇನಾನಿ ಉನ್ನತ ಹುದ್ದೆಯಲ್ಲಿದ್ದಾಗ ತಮ್ಮ ತೋಳ್ಬಲದ ಬಗ್ಗೆ ಜಂಬ ಕೊಚ್ಚಿಕೊಂಡ ಪ್ರಸಂಗವೊಂದನ್ನು ಗೋರ್ಯೊಸಾ ದಾಖಲಿಸಿದೆ. ಈ ಉಯ್-ಮಿನ್ ಕಂಬಕ್ಕೆ ಗುದ್ದಿದಾಗ ಛಾವಣಿಯ ತೊಲೆಗಳು ಅಲುಗಿದವು; ದು ಗ್ಯೊಂಗ್-ಸುಂಗ್ ಗೋಡೆಗೆ ಗುದ್ದಿದಾಗ ಮುಷ್ಟಿ ಗೋಡೆಯೊಳಕ್ಕೆ ತೂರಿತು. ಕೈ ಹುರಿಗೊಳಿಸುವಿಕೆಯ ಪ್ರಾಚೀನತೆಗೆ ಸಾಕ್ಷಿಯಾಗಿ ಈ ಪ್ರಸಂಗವನ್ನು ಪದೇ ಪದೇ ಎತ್ತಿ ಹೇಳಲಾಗುತ್ತದೆ. ಆದರೆ ಚರಿತ್ರೆಕಾರರು ಇದನ್ನು ಬರೆದದ್ದು ಹೊಗಳಿಕೆಗಾಗಿ ಅಲ್ಲ, ಮಂತ್ರಿಗಳ ಸ್ಥಾನದಲ್ಲಿ ಕುಳಿತವರ ಒರಟುತನವನ್ನು ಎತ್ತಿತೋರಿಸಲು. ಅವರು ಕೈಯನ್ನು ಹೇಗೆ ಪಳಗಿಸಿದರು ಎಂಬ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಅಲ್ಲದೆ ಮಣ್ಣುಗೋಡೆ ಮತ್ತು ಕಲ್ಲುಗೋಡೆಗಳ ನಡುವೆ ಇರುವ ವ್ಯತ್ಯಾಸವನ್ನೂ ಓದುಗರು ನೆನಪಿಡಬೇಕು.

ಇದಕ್ಕೂ ಹಿಂದಿನ ಪುರಾವೆಗಳೆಂದು ತೋರಿಸುವವು ಚಿತ್ರ ಮತ್ತು ಶಿಲ್ಪಗಳು: 357ನೆಯ ಇಸವಿಯ ಅನಾಕ್ 3ನೆಯ ಸಮಾಧಿಯ ಭಿತ್ತಿಚಿತ್ರದಲ್ಲಿ ಎದುರುಬದುರು ನಿಂತ ಇಬ್ಬರು, 8ನೆಯ ಶತಮಾನದ ಸೊಕ್ಗುರಾಮ್ ಗುಹಾಲಯದ ಬಾಗಿಲಲ್ಲಿ ಮುಷ್ಟಿ ಬಿಗಿದು ನಿಂತ ‘ಗುಮ್‌ಗಾಂಗ್’ ದ್ವಾರಪಾಲಕರು. ಗುಮ್‌ಗಾಂಗ್ ಎಂಬುದು ಸಂಸ್ಕೃತದ ‘ವಜ್ರ’ ಪದದ ಕೊರಿಯನ್ ರೂಪ. ಬೌದ್ಧಧರ್ಮದೊಂದಿಗೆ ಭಾರತದಿಂದ ಮಧ್ಯ ಏಷ್ಯಾ ಮತ್ತು ಚೀನಾಗಳ ಮೂಲಕ ಪಯಣಿಸಿದ ವಜ್ರಧಾರಿಗಳು ಇವರು. ಆದ್ದರಿಂದ ಈ ಶಿಲ್ಪವನ್ನು ಸ್ಥಳೀಯ ಕಾಳಗದ ಭಂಗಿಯ ಚಿತ್ರಣವೆಂದು ಓದುವುದಕ್ಕಿಂತ ಬೌದ್ಧ ಶಿಲ್ಪ ಸಂಪ್ರದಾಯದ ಭಾಗವೆಂದು ಓದುವುದು ಹೆಚ್ಚು ಸಮಂಜಸ.

ಜೋಸೊನ್ ಕಾಲ

ಜೋಸೊನ್ ರಾಜವಂಶದ (1392–1910) ಆರಂಭದಲ್ಲಿ ಸುಬಾಕ್ ಸೈನಿಕರ ಆಯ್ಕೆಗೆ ಬಳಕೆಯಲ್ಲಿತ್ತು. 1410ರ ದಾಖಲೆಯೊಂದರ ಪ್ರಕಾರ ಮೂವರನ್ನು ಸೋಲಿಸಿದವರನ್ನು ಗುರಾಣಿ ಪಡೆಗೆ ಸೇರಿಸಿಕೊಳ್ಳಲಾಗುತ್ತಿತ್ತು. ನಂತರದ ಶತಮಾನಗಳಲ್ಲಿ ಬಿಲ್ಲುಗಾರಿಕೆಗೆ ಪ್ರಾಶಸ್ತ್ಯ ಹೆಚ್ಚಿದಂತೆ ಬರಿಗೈ ಕಾಳಗ ಹಿನ್ನೆಲೆಗೆ ಸರಿಯಿತು.

1592ರಿಂದ 1598ರವರೆಗೆ ನಡೆದ ಜಪಾನಿನ ಆಕ್ರಮಣಗಳ ಹೊಡೆತಕ್ಕೆ ಸಿಕ್ಕಿದ ಮೇಲೆ ಕೊರಿಯಾದ ಸೇನೆ ಮಿಂಗ್ ಚೀನಾದ ಸೇನಾನಿ ಚೀ ಜಿಗುವಾಂಗ್‌ನ ಕೈಪಿಡಿಯಿಂದ ಯುದ್ಧವಿದ್ಯೆಗಳನ್ನು ಎರವಲು ಪಡೆಯಿತು. ಅದರಲ್ಲಿದ್ದ ಮುಷ್ಟಿವಿದ್ಯೆ ‘ಗ್ವೊನ್‌ಬೊಪ್’ ಎಂಬ ಹೆಸರಿನಲ್ಲಿ 1610ರ ಕೊರಿಯನ್ ಕೈಪಿಡಿಯಲ್ಲಿಯೂ, ಮುಂದೆ 1790ರಲ್ಲಿ ದೊರೆ ಜೊಂಗ್ಜೊನ ಆಜ್ಞೆಯಂತೆ ಈ ದೊಕ್-ಮು, ಪಾಕ್ ಜೆ-ಗಾ ಮತ್ತು ಬೆಕ್ ದೊಂಗ್-ಸು ಸಂಕಲಿಸಿದ ‘ಮುಯೆ ದೋಬೋ ತೊಂಗ್ಜಿ’ಯಲ್ಲಿಯೂ ಸೇರಿತು. ಈ ಸಚಿತ್ರ ಗ್ರಂಥದ 24 ವಿದ್ಯೆಗಳಲ್ಲಿ ಬರಿಗೈಯದು ಗ್ವೊನ್‌ಬೊಪ್ ಒಂದೇ. ಉಳಿದವುಗಳಲ್ಲಿ ಹೆಚ್ಚಿನವು ಈಟಿ, ಕತ್ತಿ, ದೊಣ್ಣೆ ಮತ್ತು ಕುದುರೆ ಸವಾರಿಗೆ ಸಂಬಂಧಿಸಿದವು. ಚೀ ಜಿಗುವಾಂಗ್‌ನ ದೃಷ್ಟಿಯಲ್ಲಿ ಮುಷ್ಟಿವಿದ್ಯೆ ದೊಡ್ಡ ಯುದ್ಧದಲ್ಲಿ ನೇರವಾಗಿ ಉಪಯೋಗಕ್ಕೆ ಬರುವಂಥದ್ದಲ್ಲ; ಕೈಕಾಲುಗಳನ್ನು ಸಡಿಲಗೊಳಿಸಿ, ಆಯುಧ ಹಿಡಿಯುವ ಮುನ್ನ ಹೊಸಬನನ್ನು ಅಣಿಗೊಳಿಸುವ ಪ್ರವೇಶದ್ವಾರ ಅದು. ಆಯುಧ ಕೈಯಲ್ಲಿರುವ ಸೈನಿಕ ಬೆರಳ ಗೆಣ್ಣುಗಳನ್ನು ಜಜ್ಜಿಕೊಳ್ಳಲು ಕಾರಣವಿರಲಿಲ್ಲ. ಊದಿದ ಕೈಯಲ್ಲಿ ಬಿಲ್ಲು ಎಳೆಯಲಾಗದು.

ಜನಸಾಮಾನ್ಯರ ನಡುವೆ ಉಳಿದುಕೊಂಡ ‘ತೆಕ್ಕ್ಯೊನ್’ ಮುಖ್ಯವಾಗಿ ಕಾಲಿನ ಆಟ. ಎದುರಾಳಿಯನ್ನು ಕೆಡವುವುದು ಅಥವಾ ತಲೆಯ ಮಟ್ಟಕ್ಕೆ ಒದೆಯುವುದು ಅದರ ಗುರಿ. ಕೈಯನ್ನು ತಳ್ಳಲು, ಹಿಡಿಯಲು, ಗಮನ ಸೆಳೆಯಲು ಬಳಸುತ್ತಾರೆ. ಸೊಂಗ್ ದೊಕ್-ಕಿ (1893–1987) ಎಂಬ ಹಿರಿಯರ ಮೂಲಕ ಉಳಿದುಬಂದ ಈ ಕಲೆಯನ್ನು ದಕ್ಷಿಣ ಕೊರಿಯಾ ಸರ್ಕಾರ 1983ರಲ್ಲಿ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು, 2011ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗೆಣ್ಣು ಗಟ್ಟಿಮಾಡುವ ಕಂಬಕ್ಕೆ ತೆಕ್ಕ್ಯೊನ್‌ನ ಪಂದ್ಯದಲ್ಲಿ ಸ್ಥಾನವಿಲ್ಲ.

ವಸಾಹತು ಕಾಲ ಮತ್ತು ಕ್ವಾನ್‌ಗಳು

ಇಂದಿನ ಪದ್ಧತಿಯ ನೇರ ಬೇರು ಇರುವುದು ಜಪಾನಿನ ಆಳ್ವಿಕೆಯ (1910–1945) ಕಾಲದಲ್ಲಿ. ಓದಿಗಾಗಿ ಜಪಾನಿಗೆ ಹೋದ ಹಲವು ಕೊರಿಯನ್ ಯುವಕರು ಅಲ್ಲಿ ಕರಾಟೆ ಕಲಿತರು. ಓಕಿನಾವಾದಿಂದ ಕರಾಟೆಯನ್ನು ಜಪಾನಿಗೆ ತಂದವರಲ್ಲಿ ಪ್ರಮುಖರಾದ ಗಿಚಿನ್ ಫುನಾಕೋಶಿಯವರ ಬಳಿ ಕಲಿತ ಈ ವೊನ್-ಗುಕ್ 1944ರಲ್ಲಿ ಸಿಯೋಲ್‌ನಲ್ಲಿ ‘ಚುಂಗ್ ದೋ ಕ್ವಾನ್’ ಶಾಲೆಯನ್ನು ತೆರೆದರು. ರೊ ಬ್ಯೊಂಗ್-ಜಿಕ್ ‘ಸೊಂಗ್ ಮೂ ಕ್ವಾನ್’ ಸ್ಥಾಪಿಸಿದರು. 1945ರ ನಂತರ ಹ್ವಾಂಗ್ ಕೀ ಅವರ ‘ಮೂ ದುಕ್ ಕ್ವಾನ್’ ಸೇರಿದಂತೆ ಇನ್ನೂ ಹಲವು ಶಾಲೆಗಳು ಹುಟ್ಟಿದವು. ಆ ಶಾಲೆಗಳಲ್ಲಿ ಕಲಿಸುತ್ತಿದ್ದ ವಿದ್ಯೆಯನ್ನು ಅನೇಕರು ‘ತಾಂಗ್ ಸೂ ಡೋ’ ಎಂದು ಕರೆದರು. ಕರಾಟೆಯ ಹಳೆಯ ಹೆಸರನ್ನು ಬರೆಯುವ ಅಕ್ಷರಗಳನ್ನೇ ಕೊರಿಯನ್ ಉಚ್ಚಾರಣೆಯಲ್ಲಿ ಓದಿದರೆ ಬರುವ ಹೆಸರು ಅದು.

ಓಕಿನಾವಾದ ‘ಮಕಿವಾರ’ ಕಂಬವೂ ಇದೇ ದಾರಿಯಲ್ಲಿ ಕೊರಿಯಾಕ್ಕೆ ಬಂತು. ಮಕಿವಾರ ಎಂದರೆ ಸುತ್ತಿದ ಹುಲ್ಲು. ಬೆರಳ ತುದಿ ಮತ್ತು ಅಂಗೈಯನ್ನು ಮರಳಿನಲ್ಲಿ ಪಳಗಿಸುವ ವಿಧಾನ ಚೀನಾದ ಮೂಲದ್ದು. ಅದಕ್ಕೆ ಕೊರಿಯನ್ ಭಾಷೆಯಲ್ಲಿ ‘ಚೊಲ್ಸಾಜಾಂಗ್’, ಅಂದರೆ ಕಬ್ಬಿಣದ ಮರಳಿನ ಅಂಗೈ ಎಂಬ ಹೆಸರಿದೆ. ಸಂತೆಗಳಲ್ಲಿ ಕಲ್ಲು ಒಡೆದು, ಕಬ್ಬಿಣ ಬಗ್ಗಿಸಿ ಜನ ಸೇರಿಸಿ ಔಷಧಿ ಮಾರುತ್ತಿದ್ದ ‘ಚಾರ್ಯೊಕ್’ ಪ್ರದರ್ಶಕರ ನೆನಪೂ ಜನರ ಮನಸ್ಸಿನಲ್ಲಿ ಇದರೊಂದಿಗೆ ಬೆರೆಯಿತು.

1955ರಲ್ಲಿ ‘ಟೇಕ್ವಾಂಡೋ’ ಎಂಬ ಹೆಸರು ರೂಪುಗೊಂಡ ಮೇಲೆ, ವಸಾಹತು ಆಳ್ವಿಕೆಯ ಕಹಿ ಇನ್ನೂ ಹಸಿಯಾಗಿದ್ದ ದೇಶದಲ್ಲಿ ಜಪಾನಿನ ಪಾಲನ್ನು ಮರೆಸಿ ಸುಬಾಕ್ ಮತ್ತು ತೆಕ್ಕ್ಯೊನ್‌ಗಳ ನೇರ ವಾರಸುದಾರಿಕೆಯನ್ನು ಸಾರುವ ಚರಿತ್ರೆ ಬೆಳೆದದ್ದು ಸಹಜವೇ. 1980ರ ದಶಕದಿಂದ ಕೊರಿಯಾದ ವಿದ್ವಾಂಸರೂ, ನಂತರ ಸ್ಟೀವನ್ ಕೇಪನರ್, ಉಡೊ ಮೊನಿಗ್ ಮುಂತಾದ ಸಂಶೋಧಕರೂ ಈ ನಿರೂಪಣೆಯನ್ನು ಪ್ರಶ್ನಿಸಿದ್ದಾರೆ. ಕಾಲಿನ ತಂತ್ರಗಳಲ್ಲಿ ಟೇಕ್ವಾಂಡೋ ತನ್ನದೇ ಹಾದಿ ಹಿಡಿದಿದೆ ಎಂಬುದನ್ನು ಈ ವಿದ್ವಾಂಸರೂ ಒಪ್ಪುತ್ತಾರೆ. ಕೈಯ ತಂತ್ರಗಳಲ್ಲಿ ಮಾತ್ರ ಕರಾಟೆಯ ಗುರುತು ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ.

ಕೈಯ ಹೊಡೆಯುವ ಭಾಗಗಳು

ಕೊರಿಯನ್ ಪದ್ಧತಿಯಲ್ಲಿ ಕೈಯ ಪ್ರತಿ ಭಾಗಕ್ಕೂ ಒಂದು ಹೆಸರು, ಪ್ರತಿ ಹೆಸರಿಗೂ ಒಂದು ಗುರಿ ಇದೆ. ಅತ್ಯಂತ ಮೂಲಭೂತವಾದದ್ದು ಸಾಮಾನ್ಯ ಮುಷ್ಟಿ. ಕಿರುಬೆರಳಿನಿಂದ ಆರಂಭಿಸಿ ಬೆರಳುಗಳನ್ನು ಒಂದೊಂದಾಗಿ ಒಳಕ್ಕೆ ಮಡಚಿ, ಹೆಬ್ಬೆರಳನ್ನು ತೋರುಬೆರಳು ಮತ್ತು ನಡುಬೆರಳುಗಳ ಮೇಲೆ ಬಿಗಿಯಾಗಿ ಇಡಬೇಕು. ಗುರಿಗೆ ತಗಲಬೇಕಾದದ್ದು ತೋರುಬೆರಳು ಮತ್ತು ನಡುಬೆರಳಿನ ಬುಡದ ಗೆಣ್ಣುಗಳು ಮಾತ್ರ. ಇದಕ್ಕೆ ಅಂಗರಚನೆಯ ಕಾರಣವಿದೆ. ಆ ಎರಡು ಬೆರಳುಗಳ ಅಂಗೈಮೂಳೆಗಳು ಮಣಿಕಟ್ಟಿಗೆ ಗಟ್ಟಿಯಾಗಿ ಬೆಸೆದುಕೊಂಡಿದ್ದು, ಮುಂಗೈಯ ಮೂಳೆಯೊಂದಿಗೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಉಂಗುರ ಬೆರಳು ಮತ್ತು ಕಿರುಬೆರಳಿನ ಅಂಗೈಮೂಳೆಗಳು ತೆಳುವಾದವು, ಸಡಿಲವಾದವು. ಅಭ್ಯಾಸವಿಲ್ಲದವರು ಸಿಟ್ಟಿನಲ್ಲಿ ಗೋಡೆಗೆ ಗುದ್ದಿದಾಗ ಮುರಿಯುವುದು ಹೆಚ್ಚಾಗಿ ಕಿರುಬೆರಳಿನ ಅಂಗೈಮೂಳೆಯ ಕೊರಳು. ವೈದ್ಯರು ಇದನ್ನು ‘ಬಾಕ್ಸರನ ಮುರಿತ’ ಎನ್ನುತ್ತಾರೆ.

ಮುಷ್ಟಿಯ ಇತರ ರೂಪಗಳ ಹೆಸರುಗಳು ದಿನಬಳಕೆಯ ವಸ್ತುಗಳಿಂದ ಬಂದವು. ಕಿರುಬೆರಳಿನ ಬದಿಯಿಂದ ಸುತ್ತಿಗೆಯಂತೆ ಬಡಿಯುವುದು ‘ಮೆ-ಜುಮೊಕ್’; ‘ಮೆ’ ಎಂದರೆ ಕೊಡತಿ. ಹಿಂಗೈಯ ಗೆಣ್ಣುಗಳಿಂದ ಹೊಡೆಯುವುದು ‘ದುಂಗ್-ಜುಮೊಕ್’. ಒಂದು ಬೆರಳಿನ ನಡುಗೆಣ್ಣನ್ನು ಮುಂಚಾಚಿ ಹಿಡಿಯುವ ‘ಬಾಮ್-ಜುಮೊಕ್’ಗೆ ಚೆಸ್ಟ್‌ನಟ್ ಕಾಯಿಯ ಹೆಸರು, ಕೊರಿಯಾದ ತಾಯಂದಿರು ತುಂಟ ಮಕ್ಕಳ ತಲೆಗೆ ಕುಟ್ಟುವ ಕುಟುಕಿಗೂ ಇದೇ ಕಾಯಿಯ ಹೆಸರಿದೆ.

ಬಿಚ್ಚಿದ ಕೈಯಲ್ಲಿ ಪ್ರಮುಖವಾದದ್ದು ‘ಸೊನ್ನಲ್’, ಅಂದರೆ ಕೈಯಲಗು. ಕಿರುಬೆರಳಿನ ಬುಡದಿಂದ ಮಣಿಕಟ್ಟಿನವರೆಗಿನ ಮಾಂಸಲ ಅಂಚು ಇದರ ಹೊಡೆಯುವ ಭಾಗವೇ ಹೊರತು ಬೆರಳಲ್ಲ. ಹೆಬ್ಬೆರಳನ್ನು ಒಳಕ್ಕೆ ಮಡಚಿ ಎದುರಿನ ಅಂಚಿನಿಂದ ಹೊಡೆದರೆ ಅದು ‘ಸೊನ್ನಲ್-ದುಂಗ್’. ‘ಬಾತಾಂಗ್ಸೊನ್’ ಎಂಬುದು ಅಂಗೈಯ ಬುಡ. ಗದ್ದ ಮತ್ತು ಮೂಗಿನ ಕಡೆಗೆ ಮೇಲ್ಮುಖವಾಗಿ ಹೊಡೆಯಲು ಇದನ್ನು ಬಳಸುತ್ತಾರೆ. ಬೆರಳು ಮುರಿಯುವ ಅಪಾಯ ಇದರಲ್ಲಿ ಕಡಿಮೆ. ಚಾಚಿದ ಬೆರಳ ತುದಿಗಳಿಂದ ಚುಚ್ಚುವ ‘ಪ್ಯೊನ್‌ಸೊನ್‌ಕ್ಕುತ್’ನಲ್ಲಿ ನಡುಬೆರಳನ್ನು ತುಸು ಬಗ್ಗಿಸಿ ಅಕ್ಕಪಕ್ಕದ ಬೆರಳುಗಳ ಮಟ್ಟಕ್ಕೆ ತರಬೇಕು, ಇಲ್ಲದಿದ್ದರೆ ಇಡೀ ಆಘಾತ ಅದೊಂದರ ಮೇಲೆ ಬೀಳುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕಮಾನು ‘ಆಗ್ವಿಸೊನ್’. ಅದರಿಂದ ಗಂಟಲಿಗೆ ಹೊಡೆಯುವ ‘ಕಾಲ್ಜೆಬಿ’ ತೆಕ್ಕ್ಯೊನ್‌ನಲ್ಲಿಯೂ ಇದೆ, ಟೇಕ್ವಾಂಡೋದ ‘ಕೊರ್ಯೊ’ ಎಂಬ ಪೂಮ್ಸೆಯಲ್ಲಿಯೂ ಇದೆ. ಪೂಮ್ಸೆ ಎಂದರೆ ಕಾಲ್ಪನಿಕ ಎದುರಾಳಿಗಳ ವಿರುದ್ಧ ಮಾಡುವ ನಿಗದಿತ ಚಲನೆಗಳ ಸರಣಿ.

ಹೊಡೆತದ ಕ್ರಮ

ಟೇಕ್ವಾಂಡೋ ಪರಿಭಾಷೆ ಕೈಯ ಹೊಡೆತಗಳನ್ನು ಮೂರಾಗಿ ವಿಂಗಡಿಸುತ್ತದೆ. ಮುಷ್ಟಿಯನ್ನು ನೇರ ರೇಖೆಯಲ್ಲಿ ಚಾಚಿ ಗುದ್ದುವುದು ‘ಜಿರುಗಿ’. ಬೆರಳ ತುದಿಯಿಂದ ಇರಿಯುವುದು ‘ಚ್ಚಿರುಗಿ’. ಕೈಯಲಗು, ಹಿಂಗೈ, ಮೊಣಕೈ ಮುಂತಾದವುಗಳಿಂದ ಬಳಸಿ ಬಡಿಯುವುದು ‘ಚಿಗಿ’.

ಜಿರುಗಿಯ ಮೊದಲ ಪಾಠ ಕುದುರೆ ಸವಾರನಂತೆ ಕಾಲು ಅಗಲಿಸಿ ನಿಲ್ಲುವ ‘ಜುಚುಮ್ ಸೊಗಿ’ಯಲ್ಲಿ ನಡೆಯುತ್ತದೆ. ಮುಷ್ಟಿ ಸೊಂಟದ ಪಕ್ಕದಿಂದ ಅಂಗೈ ಮೇಲ್ಮುಖವಾಗಿ ಹೊರಟು, ಗುರಿ ತಲುಪುವ ಕೊನೆಯ ಕ್ಷಣದಲ್ಲಿ ಕೆಳಮುಖವಾಗಿ ತಿರುಗುತ್ತದೆ. ಅದೇ ವೇಗದಲ್ಲಿ ಇನ್ನೊಂದು ಕೈ ಸೊಂಟಕ್ಕೆ ಹಿಂದಿರುಗುತ್ತದೆ. ಭುಜ ಸಡಿಲವಾಗಿರಬೇಕು, ತಗಲುವ ಕ್ಷಣದಲ್ಲಿ ಮಾತ್ರ ಮುಷ್ಟಿ ಬಿಗಿಯಬೇಕು, ಉಸಿರು ಹೊರಬರಬೇಕು. ಬಲ ತೋಳಿನಿಂದಲ್ಲ, ನೆಲವನ್ನು ಒತ್ತಿದ ಪಾದದಿಂದ ಸೊಂಟದ ತಿರುವಿನ ಮೂಲಕ ಬರುತ್ತದೆ ಎಂಬುದು ಎಲ್ಲ ಗುರುಗಳ ಮಾತು. ಟೇಕ್ವಾಂಡೋದ ಸ್ಥಾಪಕರಲ್ಲಿ ಒಬ್ಬರಾದ ಚೊಯ್ ಹೊಂಗ್-ಹಿ ತಮ್ಮ ಬರಹಗಳಲ್ಲಿ ಬಲದ ಮೂಲಗಳನ್ನು ಪ್ರತಿಕ್ರಿಯಾ ಬಲ, ಏಕಾಗ್ರತೆ, ಸಮತೋಲ, ಉಸಿರಿನ ನಿಯಂತ್ರಣ, ದ್ರವ್ಯರಾಶಿ ಮತ್ತು ವೇಗ ಎಂಬ ಆರು ಅಂಶಗಳಾಗಿ ವಿವರಿಸಿದ್ದಾರೆ.

ಪೂಮ್ಸೆಗಳಲ್ಲಿ ಈ ಹೊಡೆತಗಳು ಹಂತಹಂತವಾಗಿ ಸೇರುತ್ತವೆ. ತೆಗುಕ್ ಸರಣಿಯ ಮೊದಲನೆಯದರಲ್ಲಿ ನೇರ ಗುದ್ದು ಮಾತ್ರ. ನಾಲ್ಕನೆಯದರಲ್ಲಿ ಬೆರಳ ತುದಿಯ ಇರಿತ, ಐದನೆಯದರಲ್ಲಿ ಮೆ-ಜುಮೊಕ್ ಮತ್ತು ಮೊಣಕೈ ಬರುತ್ತವೆ. ಕಪ್ಪುಪಟ್ಟಿಯವರ ‘ಗುಮ್‌ಗಾಂಗ್’ ಪೂಮ್ಸೆ ಗದ್ದಕ್ಕೆ ಹೊಡೆಯುವ ಬಾತಾಂಗ್ಸೊನ್‌ನಿಂದ ಮುಂದುವರಿಯುತ್ತದೆ.

ಹುರಿಗೊಳಿಸುವ ಸಾಧನಗಳು

ಕಂಬವನ್ನು ತಯಾರಿಸುವ ಕ್ರಮದಲ್ಲೇ ಅದರ ಮರ್ಮವಿದೆ. ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳುವಾಗಿ ಕೆತ್ತಿದ ಹಲಗೆಯನ್ನು ನೆಲದಲ್ಲಿ ಆಳವಾಗಿ ಹೂಳಿ, ತುದಿ ಅಭ್ಯಾಸಿಯ ಎದೆಯ ಎತ್ತರಕ್ಕೆ ಬರುವಂತೆ ನಿಲ್ಲಿಸುತ್ತಾರೆ. ಗುದ್ದುವ ಜಾಗಕ್ಕೆ ಭತ್ತದ ಹುಲ್ಲಿನ ಹಗ್ಗವನ್ನು ಒತ್ತಾಗಿ ಸುತ್ತುತ್ತಾರೆ. ತುದಿ ತೆಳುವಾಗಿರುವುದರಿಂದ ಹೊಡೆದಾಗ ಹಲಗೆ ಹಿಂದಕ್ಕೆ ಬಾಗಿ ಮತ್ತೆ ಚಿಮ್ಮುತ್ತದೆ. ಹೀಗೆ ಬಾಗುವ ಕಂಬ ಗುದ್ದಿನ ನೇರ, ಮಣಿಕಟ್ಟಿನ ಬಿಗಿ ಮತ್ತು ನಿಲುವಿನ ಭದ್ರತೆಗಳನ್ನು ತಿದ್ದುತ್ತದೆ. ಮಣಿಕಟ್ಟು ಸ್ವಲ್ಪ ಓರೆಯಾದರೂ ನೋವು ತಕ್ಷಣ ತಿಳಿಸುತ್ತದೆ. ಬಾಗದ ಮರದ ಬೊಡ್ಡೆಗೋ ಗೋಡೆಗೋ ಗುದ್ದುವುದು ಇದೇ ಅಭ್ಯಾಸವೆಂದು ಭಾವಿಸುವವರು ಕಂಬದ ಉದ್ದೇಶವನ್ನೇ ತಪ್ಪಾಗಿ ತಿಳಿದಿದ್ದಾರೆ. ಚರ್ಮ ದಡ್ಡುಗಟ್ಟುವುದು ಈ ಅಭ್ಯಾಸದ ಅಡ್ಡಫಲವೇ ಹೊರತು ಗುರಿಯಲ್ಲ.

ಬೆರಳ ತುದಿಗಳಿಗಾಗಿ ಪಾತ್ರೆಯಲ್ಲಿ ಮೊದಲು ಕಾಳು, ನಂತರ ಮರಳು, ಕೊನೆಗೆ ಸಣ್ಣ ಜಲ್ಲಿ ತುಂಬಿ ಚುಚ್ಚುವ ಕ್ರಮ ಇತ್ತು. ಅಂಗೈ ಮತ್ತು ಕೈಯಲಗಿಗೆ ಮರಳು ತುಂಬಿದ ಬಟ್ಟೆಚೀಲವನ್ನು ಮೇಜಿನ ಮೇಲಿಟ್ಟು ಬಡಿಯುತ್ತಾರೆ. ಗೆಣ್ಣುಗಳ ಮೇಲೆ ದಂಡ ಹೊಡೆಯುವುದು ಎಲ್ಲಕ್ಕಿಂತ ಸುಲಭ, ಸಾಧನ ಬೇಡದ ಅಭ್ಯಾಸ. ಆಘಾತವಿಲ್ಲದೆ ಮಣಿಕಟ್ಟನ್ನು ನೇರವಾಗಿಡಲು ಕಲಿಸುವುದರಿಂದ ಹೊಸಬರಿಗೆ ಇದೇ ಹೆಚ್ಚು ಸೂಕ್ತ. ಅಭ್ಯಾಸದ ನಂತರ ಗಿಡಮೂಲಿಕೆಗಳನ್ನು ಮದ್ಯದಲ್ಲಿ ನೆನೆಹಾಕಿದ ತೈಲದಂಥ ದ್ರವವನ್ನು ತಿಕ್ಕುವ ಚೀನೀ ಪದ್ಧತಿಯನ್ನು ಕೆಲವು ಶಾಲೆಗಳು ಅನುಸರಿಸುತ್ತವೆ. ತಿಕ್ಕುವುದರಿಂದ ಊತ ಇಳಿದು ಹಿತವೆನಿಸಬಹುದು, ಆದರೆ ಅದು ಬಿಡುವಿಗೆ ಬದಲಿಯಲ್ಲ.

ಗ್ಯೊಕ್ಪಾ

ಟೇಕ್ವಾಂಡೋದ ಆರಂಭದ ದಿನಗಳ ಅತ್ಯಂತ ಪ್ರಸಿದ್ಧ ಕಥೆಯೇ ಗ್ಯೊಕ್ಪಾಗೆ ಸಂಬಂಧಿಸಿದ್ದು. 1950ರ ದಶಕದ ಮೊದಲ ಭಾಗದಲ್ಲಿ ಅಧ್ಯಕ್ಷ ಸಿಂಗ್ಮನ್ ರೀ ಅವರ ಎದುರು ನಡೆದ ಸೇನಾ ಪ್ರದರ್ಶನದಲ್ಲಿ ನಾಮ್ ತೆ-ಹಿ ಒಂದೇ ಗುದ್ದಿಗೆ 13 ಹೆಂಚುಗಳನ್ನು ಒಡೆದರೆಂದೂ, ಬೆರಗಾದ ಅಧ್ಯಕ್ಷರು ಅದನ್ನು ತೆಕ್ಕ್ಯೊನ್ ಎಂದು ಕರೆದು ಸೇನೆಗೆ ಕಲಿಸುವಂತೆ ಸೂಚಿಸಿದರೆಂದೂ ಹೇಳಲಾಗುತ್ತದೆ. ಕರಾಟೆಯಲ್ಲಿ ಪಳಗಿದ ಮುಷ್ಟಿ ಒಡೆದ ಹೆಂಚುಗಳಿಗೆ ತೆಕ್ಕ್ಯೊನ್ ಎಂಬ ಹೆಸರು ಬಿದ್ದದ್ದು ವಿಪರ್ಯಾಸ. ಆ ಹೆಸರಿಗೆ ಹತ್ತಿರವಾಗಿ ಕೇಳುವ ‘ಟೇಕ್ವಾಂಡೋ’ ಮುಂದೆ ಆಯ್ಕೆಯಾದುದರ ಹಿಂದೆ ಈ ಪ್ರಸಂಗವೂ ಇದೆ.

ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಬಳಸುವುದು ಸುಮಾರು 30 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ದಪ್ಪದ ಪೈನ್ ಹಲಗೆ. ಹಲಗೆಯನ್ನು ಅದರ ನಾರಿನ ಉದ್ದಕ್ಕೆ ಸೀಳುವಂತೆ ಹಿಡಿಯಬೇಕು; ನಾರಿಗೆ ಅಡ್ಡವಾಗಿ ಹಿಡಿದರೆ ಪಳಗಿದ ಕೈಯೂ ಸೋಲುತ್ತದೆ. ಒಣಗಿದ ಹಲಗೆ ಸುಲಭವಾಗಿ ಮುರಿಯುತ್ತದೆ, ಹಸಿ ಹಲಗೆ ಬಾಗಿ ಬಲವನ್ನು ನುಂಗುತ್ತದೆ. ಹೆಂಚುಗಳ ನಡುವೆ ಸಂದು ಬಿಟ್ಟು ಜೋಡಿಸಿದಾಗ ಮೇಲಿನದು ಒಡೆದು ಕೆಳಗಿನದರ ಮೇಲೆ ಬೀಳುವುದರಿಂದ, ಸಂದಿಲ್ಲದ ಅಷ್ಟೇ ಹೆಂಚುಗಳಿಗಿಂತ ಇದು ಬಹಳ ಸುಲಭ. ಪ್ರದರ್ಶನ ನೋಡುವವರು ಎಣಿಕೆಗಿಂತ ಜೋಡಣೆಯನ್ನು ಗಮನಿಸುವುದು ಒಳ್ಳೆಯದು.

ಈ ಕ್ರಿಯೆಯ ಭೌತಶಾಸ್ತ್ರವನ್ನು ಅಮೆರಿಕದ ಮೈಕೆಲ್ ಫೆಲ್ಡ್, ರೊನಾಲ್ಡ್ ಮೆಕ್‌ನೇರ್ ಮತ್ತು ಸ್ಟೀಫನ್ ವಿಲ್ಕ್ ಅಧ್ಯಯನ ಮಾಡಿ 1979ರಲ್ಲಿ ಪ್ರಕಟಿಸಿದರು. ಇವರಲ್ಲಿ ಮೆಕ್‌ನೇರ್ ಕರಾಟೆಯ ಕಪ್ಪುಪಟ್ಟಿ ಪಡೆದಿದ್ದ ಭೌತವಿಜ್ಞಾನಿ; ಮುಂದೆ ಗಗನಯಾತ್ರಿಯಾಗಿ 1986ರ ಚಾಲೆಂಜರ್ ದುರಂತದಲ್ಲಿ ಮಡಿದರು. ಅವರ ಅಳತೆಯಂತೆ ನುರಿತವರ ಕೈ ಸೆಕೆಂಡಿಗೆ 10ರಿಂದ 14 ಮೀಟರ್ ವೇಗ ಮುಟ್ಟುತ್ತದೆ, ಹೊಡೆತದ ಬಲ 3000 ನ್ಯೂಟನ್ ದಾಟುತ್ತದೆ. ಮೂಳೆ ಕಾಂಕ್ರೀಟಿಗಿಂತ ಎಷ್ಟೋ ಪಟ್ಟು ಬಲವಾದದ್ದು, ಅದರ ಮೇಲೆ ಆಘಾತ ಹೀರುವ ಚರ್ಮ ಮತ್ತು ಮಾಂಸದ ಹೊದಿಕೆಯೂ ಇದೆ. ಆದ್ದರಿಂದ ಹಲಗೆ ಮುರಿಯಲು ದಡ್ಡುಗಟ್ಟಿದ ಗೆಣ್ಣುಗಳ ಅಗತ್ಯವಿಲ್ಲ. ಬೇಕಾದದ್ದು ವೇಗ, ನೇರ ಮತ್ತು ಹಲಗೆಯ ಮೇಲ್ಮೈಯನ್ನು ದಾಟಿ ಆಚೆಗೆ ಗುರಿಯಿಡುವ ಮನಸ್ಸು. ತೋಳು ಪೂರ್ತಿ ಚಾಚುವ ಮುನ್ನವೇ ಮುಷ್ಟಿ ಗರಿಷ್ಠ ವೇಗ ತಲುಪುವುದರಿಂದ, ಕೊನೆಯ ಗಳಿಗೆಯಲ್ಲಿ ಅಳುಕಿ ಕೈ ನಿಧಾನಿಸಿದವನಿಗೆ ಹಲಗೆ ಮುರಿಯುವುದಿಲ್ಲ. ಮುರಿಯದ ಹಲಗೆಯ ಆಘಾತ ಪೂರ್ತಿಯಾಗಿ ಕೈಗೇ ಮರಳುತ್ತದೆ; ಗ್ಯೊಕ್ಪಾದಲ್ಲಿ ಪೆಟ್ಟಾಗುವುದು ಬಹುತೇಕ ಹೀಗೆಯೇ.

ಕೈಯ ಮೇಲಾಗುವ ಪರಿಣಾಮ

ಮೂಳೆ ತನ್ನ ಮೇಲೆ ಬೀಳುವ ಹೊರೆಗೆ ತಕ್ಕಂತೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂಬ ತತ್ತ್ವವನ್ನು ಜರ್ಮನಿಯ ವೈದ್ಯ ಯೂಲಿಯುಸ್ ವೋಲ್ಫ್ 1892ರಲ್ಲಿ ಮಂಡಿಸಿದರು. ಹುರಿಗೊಳಿಸುವಿಕೆಯ ಸಮರ್ಥಕರು ಇದನ್ನು ಆಧಾರವಾಗಿ ಹೇಳುತ್ತಾರೆ. ತತ್ತ್ವ ಸರಿಯಾದುದೇ, ಆದರೆ ಈ ಬದಲಾವಣೆ ವಾರಗಳಲ್ಲಲ್ಲ, ತಿಂಗಳು ಮತ್ತು ವರ್ಷಗಳಲ್ಲಿ ಆಗುವಂಥದ್ದು. ಚರ್ಮ ಕೆಲವೇ ವಾರಗಳಲ್ಲಿ ದಡ್ಡುಗಟ್ಟಿ ನೋವು ಕಡಿಮೆಯಾಗುತ್ತದೆ, ಮೂಳೆ ಇನ್ನೂ ಹಿಂದೆಯೇ ಉಳಿದಿರುತ್ತದೆ. ನೋವಿಲ್ಲವೆಂದು ಬಲ ಹೆಚ್ಚಿಸಿದವರಿಗೆ ಮುರಿತವಾಗುವುದು ಈ ನಡುವಿನ ಅವಧಿಯಲ್ಲಿ. ಇನ್ನು ಕೀಲುಗಳ ಮೃದ್ವಸ್ಥಿಗೆ ಮೂಳೆಯಂತೆ ಮರುಕಟ್ಟಿಕೊಳ್ಳುವ ಶಕ್ತಿ ಇಲ್ಲ. ಅದು ಸವೆದರೆ ಸವೆದಂತೆಯೇ.

ಕರಾಟೆ ಶಿಕ್ಷಕರ ಕೈಗಳನ್ನು ಕ್ಷಕಿರಣದಿಂದ ಪರೀಕ್ಷಿಸಿ 1985ರಲ್ಲಿ ಬ್ರಿಟನ್ನಿನ ಕ್ರೀಡಾವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಯಸ್ಸಿಗೆ ಮುನ್ನ ಸಂಧಿವಾತ ಬಂದ ಲಕ್ಷಣಗಳು ಕಾಣಲಿಲ್ಲ. ಗುರುವಿನ ಕಣ್ಣೆದುರು ನಿಧಾನವಾಗಿ ಪಳಗಿದ ಕೈಗಳಿಗೆ ಸಂಬಂಧಿಸಿದ ಈ ಫಲಿತಾಂಶವನ್ನು ಒಬ್ಬಂಟಿಯಾಗಿ ಗೋಡೆಗೆ ಗುದ್ದುವವರಿಗೆ ಅನ್ವಯಿಸಲಾಗದು. ಪುನಃ ಪುನಃ ಅಂಗೈಯಂಚಿನಿಂದ ಬಡಿಯುವವರಲ್ಲಿ ಕಿರುಬೆರಳ ಬದಿಯ ಅಪಧಮನಿ ಜಜ್ಜಿಹೋಗಿ ಬೆರಳುಗಳಿಗೆ ರಕ್ತ ಕಡಿಮೆಯಾಗುವ ತೊಂದರೆ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಬೆರಳು ತಣ್ಣಗಾಗುವುದು, ಬಿಳಚಿಕೊಳ್ಳುವುದು, ಜೋಮು ಹಿಡಿಯುವುದು ಇದರ ಸೂಚನೆಗಳು. ಗೆಣ್ಣಿನ ಮೇಲಿನ ಸ್ನಾಯುರಜ್ಜು ಹರಿದರೆ ಬೆರಳನ್ನು ನೇರವಾಗಿ ಚಾಚುವುದೇ ಕಷ್ಟವಾಗುತ್ತದೆ. ಹಲವರು ಬಳಸುವ ಕಂಬದ ಮೇಲೆ ಚರ್ಮ ಒಡೆದು ರಕ್ತ ಅಂಟಿದರೆ ಸೋಂಕಿನ ಅಪಾಯವೂ ಉಂಟು.

ಮಕ್ಕಳ ಕೈಮೂಳೆಗಳ ತುದಿಗಳಲ್ಲಿ ಬೆಳವಣಿಗೆಯ ಮೃದು ಫಲಕಗಳಿರುತ್ತವೆ; ಹದಿಹರೆಯದಲ್ಲಿ ಅವು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ. ಅದಕ್ಕೂ ಮುನ್ನ ಅವುಗಳಿಗೆ ಪೆಟ್ಟಾದರೆ ಬೆರಳು ಗಿಡ್ಡವಾಗಿ ಅಥವಾ ಸೊಟ್ಟಗೆ ಬೆಳೆಯಬಹುದು. ಹೀಗಾಗಿ ಬೆಳೆಯುವ ವಯಸ್ಸಿನವರಿಗೆ ಕಂಬದ ಅಭ್ಯಾಸ ಮತ್ತು ಗಟ್ಟಿ ವಸ್ತುಗಳ ಗ್ಯೊಕ್ಪಾ ಸಲ್ಲದು. ಗುದ್ದಿದ ನಂತರ ಕಡಿಮೆಯಾಗದ ನೋವು, ಒಂದೇ ಬಿಂದುವಿನಲ್ಲಿ ಮುಟ್ಟಿದರೆ ಚುಚ್ಚುವ ನೋವು ಅಥವಾ ಮುಷ್ಟಿ ಬಿಗಿದಾಗ ಒಂದು ಗೆಣ್ಣು ಒಳಸರಿದಂತೆ ಕಾಣುವುದು ಮುರಿತದ ಲಕ್ಷಣಗಳಾಗಿರಬಹುದು. ಇಂಥ ಸಂದರ್ಭದಲ್ಲಿ ವೈದ್ಯರನ್ನು ಕಾಣಬೇಕು.

ಇಂದಿನ ಸ್ಥಿತಿ

ಟೇಕ್ವಾಂಡೋ 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿ, 2000ದ ಸಿಡ್ನಿಯಿಂದ ಪದಕದ ಕ್ರೀಡೆಯಾಗಿ ಸೇರಿತು. ಈ ಪಂದ್ಯಗಳಲ್ಲಿ ಮುಖಕ್ಕೆ ಗುದ್ದುವುದು ನಿಷಿದ್ಧ. ಮುಂಡಕ್ಕೆ ಗುದ್ದಿದರೆ ಸಿಗುವುದು ಒಂದೇ ಅಂಕ, ಒದೆತಗಳಿಗೆ ಅದಕ್ಕಿಂತ ಹೆಚ್ಚು. ಆಟಗಾರರ ಕೈಗೆ ಮೆತ್ತನೆಯ ಕವಚವೂ ಇರುತ್ತದೆ. ಹೀಗಾಗಿ ಕೈಯ ವಿದ್ಯೆ ಪಂದ್ಯದ ಅಂಗಳದಿಂದ ಸರಿದು ಪೂಮ್ಸೆ ಮತ್ತು ಗ್ಯೊಕ್ಪಾಗಳಲ್ಲಿ ನೆಲೆಸಿತು. ಸ್ಪರ್ಧೆಗಾಗಿಯೇ ಕಲಿಯುವ ಅನೇಕರು ಹುಲ್ಲುಹಗ್ಗದ ಕಂಬವನ್ನು ನೋಡಿಯೂ ಇರುವುದಿಲ್ಲ.

ಮತ್ತೊಂದೆಡೆ ಜನಪ್ರಿಯ ಕಲ್ಪನೆಯಲ್ಲಿ ಗಟ್ಟಿಗೈಯ ವೀರ ಮಾಸಿಲ್ಲ. ಕೊರಿಯಾದಲ್ಲಿ ಹುಟ್ಟಿ ಜಪಾನಿನಲ್ಲಿ ಕ್ಯೊಕುಶಿನ್ ಕರಾಟೆ ಸ್ಥಾಪಿಸಿದ ಚೊಯ್ ಯೊಂಗ್-ಉಯ್, ಅಂದರೆ ಮಾಸ್ ಒಯಾಮಾ (1923–1994), ಕೈಯಲಗಿನಿಂದ ಗೂಳಿಯ ಕೊಂಬು ಮುರಿದ ಕಥೆಗಳು ಕೊರಿಯಾದ ಚಿತ್ರಕಥೆಗಳಲ್ಲಿಯೂ 2004ರ ಚಲನಚಿತ್ರವೊಂದರಲ್ಲಿಯೂ ಮರುಹುಟ್ಟು ಪಡೆದವು. ತಾಂಗ್ ಸೂ ಡೋ ಶಾಲೆಗಳಲ್ಲಿ ಮತ್ತು ಹಳೆಯ ಕ್ವಾನ್‌ಗಳ ಪರಂಪರೆ ಅನುಸರಿಸುವ ಶಿಕ್ಷಕರಲ್ಲಿ ಕಂಬದ ಅಭ್ಯಾಸ ಇನ್ನೂ ಉಳಿದಿದೆ. ಚೊಯ್ ಹೊಂಗ್-ಹಿ ಸ್ಥಾಪಿಸಿದ ಅಂತರರಾಷ್ಟ್ರೀಯ ಟೇಕ್ವಾಂಡೋ ಒಕ್ಕೂಟದ ಸ್ಪರ್ಧೆಗಳಲ್ಲಿ ಮುಷ್ಟಿ ಮತ್ತು ಕೈಯಲಗಿನ ಬಲಪರೀಕ್ಷೆ ಒಂದು ವಿಭಾಗವಾಗಿದೆ. ಸಿಯೋಲ್‌ನ ಕುಕ್ಕಿವೊನ್ ಸಂಸ್ಥೆ 1992ರಿಂದ ನಡೆಸುತ್ತಿರುವ ಹಾನ್‌ಮಾದಾಂಗ್ ಉತ್ಸವದಲ್ಲಿ ಸ್ಪರ್ಧಿಗಳು ಇಂದಿಗೂ ಮುಷ್ಟಿ ಮತ್ತು ಕೈಯಲಗಿನಿಂದ ಗಟ್ಟಿ ಚಪ್ಪಡಿಗಳನ್ನು ಒಡೆಯುತ್ತಾರೆ. ಊರೂರಿನ ತರಬೇತಿ ಶಾಲೆಗಳ ಪರೀಕ್ಷೆಗಳಲ್ಲಿ ಮಾತ್ರ ಪೈನ್ ಹಲಗೆಯ ಜಾಗವನ್ನು ಮುರಿದ ಮೇಲೆ ಮತ್ತೆ ಜೋಡಿಸಬಹುದಾದ ಪ್ಲಾಸ್ಟಿಕ್ ಹಲಗೆಗಳು ಆಕ್ರಮಿಸುತ್ತಿವೆ. ಅವುಗಳ ಬಿಗಿತವನ್ನು ಬಣ್ಣದಿಂದ ಗುರುತಿಸಲಾಗುತ್ತದೆ.